ಮಾರಿಸ್ ಗಾಡಿ ಹರಿಹರಕ್ಕೆ ಹೋಗಿ ಬಂದದ್ದು

ದಾವಣಗೆರೆ, ಪಿ.ಜೆ. ಬಡಾವಣೆ
೮ನೇ ನವೆಂಬರ್ ೧೯೫೯, ಭಾನುವಾರ

ಪ್ರೀತಿಯ ಇವರಿಗೆ,

ಉಮಾ ಮಾಡುವ ಶರಣು. ನಿಮ್ಮ ಆರೋಗ್ಯ ಹೇಗಿದೆ? ಕೆಮ್ಮು ಇಳಿಯಿತೇ? ಸಂಜೆಯಾದರೆ ಬರುತ್ತಿದ್ದ ಜ್ವರ ಈಗಲೂ ಬರುತ್ತದೆಯೇ? ಹೋದ ಕಾಗದದಲ್ಲಿ ತೂಕ ಏರಿದೆ ಎಂದು ಬರೆದಿದ್ದಿರಿ. ಅತ್ತೆ ಆ ಸಾಲನ್ನು ನನ್ನಿಂದ ಎಷ್ಟು ಸಲ ಓದಿಸಿದರೋ ಲೆಕ್ಕವಿಲ್ಲ. ಸ್ಯಾನಿಟೋರಿಯಂನಲ್ಲಿ ಚಳಿಗಾಲದಲ್ಲೂ ಕಿಟಕಿ ತೆರೆದೇ ಮಲಗಿಸುತ್ತಾರೆಂದು ಕೇಳಿದಾಗಿನಿಂದ ಅವರಿಗೆ ಗಾಬರಿ. ಕೆಮ್ಮಿನವರನ್ನು ಗಾಳಿಗೆ ಒಡ್ಡುವುದು ಎಂಥ ವೈದ್ಯ ಎಂದು ಕೇಳುತ್ತಾರೆ. ಉಣ್ಣೆಯ ಶಾಲನ್ನು ಬೇರೆ ಗಂಟಿನಲ್ಲಿ ಕಳಿಸಿದ್ದೇವೆ, ಹೊದ್ದುಕೊಳ್ಳಿ. ಹಾಲಿನ ಜೊತೆ ಮೊಟ್ಟೆಯನ್ನೂ ಕೊಡುತ್ತಾರೆ, ಏನು ಮಾಡಲಿ ಎಂದು ಕೇಳಿದ್ದಿರಿ. ತಿನ್ನಿ. ಅತ್ತೆಗೆ ಕಾಗದ ಓದಿ ಹೇಳುವಾಗ ಈ ಸಾಲನ್ನು ನಾನು ಹಾರಿಸುತ್ತೇನೆ.

ಇಲ್ಲಿ ಎಲ್ಲರೂ ಕ್ಷೇಮ. ಅತ್ತೆಯ ಮಂಡಿನೋವು ಇದ್ದಂತೆಯೇ ಇದೆ. ನಿಮ್ಮ ಅಣ್ಣ ಬಾವನವರಿಗೆ ಹತ್ತಿ ಬರುವ ಕಾಲವಾದ್ದರಿಂದ ಊಟಕ್ಕೂ ಪುರುಸೊತ್ತಿಲ್ಲ. ಪೇಟೆಯ ಮಂಡಿಯ ರಸ್ತೆಯಲ್ಲಿ ಹತ್ತಿಯ ಅಂಡಿಗೆ ಹೇರಿದ ಎತ್ತಿನ ಗಾಡಿಗಳು ಸಾಲುಗಟ್ಟಿ ನಿಂತಿರುತ್ತವೆ. ದೀಪಾವಳಿ ಹೇಗೋ ಕಳೆಯಿತು. ಅದಕ್ಕೂ ಮೊದಲು ಆಯುಧಪೂಜೆಗೆ ನಿಮ್ಮ ಮಾರಿಸ್ ಕಾರಿಗೆ ಚೆಂಡುಹೂವಿನ ಮಾಲೆ ಹಾಕಿ, ಬಾನೆಟ್ಟಿನ ಮೇಲೆ ವಿಭೂತಿ ಎಳೆದೆ. ನಿಮ್ಮ ಗಾಡಿ ಎಂದು ಬರೆಯುವಾಗ ಈಗೀಗ ಕೈ ಸ್ವಲ್ಪ ತಡೆಯುತ್ತದೆ. ಯಾಕೆಂದು ಹೇಳುತ್ತೇನೆ, ಸಿಟ್ಟಾಗಬೇಡಿ.

ವಾರಕ್ಕೊಮ್ಮೆಯಾದರೂ ಎಂಜಿನ್ ಚಾಲೂ ಮಾಡಿಸು ಎಂದು ನೀವು ಹೋದ ಹೊಸದರಲ್ಲಿ ಬರೆದಿದ್ದಿರಲ್ಲ, ಅದರಂತೆ ಗ್ಯಾರೇಜಿನ ಜಮಾಲ್ ಸಾಬರು ಪ್ರತಿ ಶುಕ್ರವಾರ ನಮಾಜು ಮುಗಿಸಿ ಬಂದು ಶೆಡ್ಡಿನಲ್ಲೇ ಚಾಲೂ ಮಾಡಿ ಹೋಗುತ್ತಿದ್ದರು. ನಿಂತಲ್ಲೇ ಉರಿಸಿದರೆ ಎಂಜಿನ್ನಿಗೆ ಒಳ್ಳೆಯದಲ್ಲ, ರಸ್ತೆಗೆ ತೆಗೆಯಬೇಕು ಎಂದು ಒಂದು ದಿನ ಅವರೇ ಹೇಳಿದರು. ಗಾಡಿ ಎಲ್ಲಿ ಹೋಗುತ್ತದೋ ನೋಡೋಣ ಎಂದು ನಾನೂ ಮುಂದಿನ ಸೀಟಿನಲ್ಲಿ ಕೂತೆ. ಸಾಬರ ಹೆಂಡತಿ ಖತೀಜಾಬೀಯನ್ನು ಜೊತೆಗೆ ಕೂರಿಸಿಕೊಂಡರೆ ಹೋಗಬಹುದು ಎಂದು ಅತ್ತೆ ಅಪ್ಪಣೆ ಕೊಟ್ಟಿದ್ದರು. ಹದಡಿ ರಸ್ತೆಯಲ್ಲಿ ಒಂದು ಆಲದ ಮರದ ಕೆಳಗೆ ಸಾಬರು ಗಾಡಿ ನಿಲ್ಲಿಸಿ, ಇಳಿದು, ಈ ಕಡೆ ಬಂದು ಬಾಗಿಲು ತೆಗೆದು, "ಅಮ್ಮಾರೆ, ಆ ಕಡೆ ಸರೀರಿ. ಗಾಡಿ ಮನೇದು, ಮನೆಯವರಿಗೆ ಬರಬೇಕು" ಎಂದರು. ಅವರು ತಮಾಷೆಗೆ ಹೇಳಿದರೋ ನಿಜಕ್ಕೂ ಹೇಳಿದರೋ ಈವತ್ತಿಗೂ ನನಗೆ ಗೊತ್ತಿಲ್ಲ. ಹಿಂದಿನ ಸೀಟಿನಿಂದ ಖತೀಜಾಬೀ ನಕ್ಕಳು. ಅದಕ್ಕೇ ಸರಿದು ಕೂತೆನೋ ಏನೋ. ಆವತ್ತು ಕುರಿಮಂದೆಯೊಂದು ನನಗೆ ದಾರಿ ಬಿಟ್ಟುಕೊಟ್ಟಿತು, ನಾನು ಅದಕ್ಕೆ ಬಿಡಲಿಲ್ಲ.

ಈಗ ನನಗೆ ಗಾಡಿ ಬಿಡಲು ಬರುತ್ತದೆ. ಲೈಸೆನ್ಸೂ ಆಗಿದೆ, ಅದನ್ನು ಕೊಡುವ ಕಚೇರಿ ಇರುವುದು ಚಿತ್ರದುರ್ಗದಲ್ಲಿ. ದುರ್ಗದ ಮಠಕ್ಕೆ ಹೋಗಿ ಬರುತ್ತೇವೆ ಎಂದು ಬಾವನವರಿಗೆ ಹೇಳಿ ಅತ್ತೆ ನನ್ನನ್ನು ಚಿತ್ರದುರ್ಗಕ್ಕೆ ಕರೆದುಕೊಂಡು ಹೋಗಿದ್ದರು. ಮಠಕ್ಕೂ ಹೋದೆವು, ಆದ್ದರಿಂದ ಮಾತು ಸುಳ್ಳಾಗಲಿಲ್ಲ. ಇಷ್ಟು ದಿನ ನಿಮಗೆ ಯಾಕೆ ಬರೆಯಲಿಲ್ಲ ಎಂದರೆ, ಹೇಗೆ ಬರೆಯಬೇಕೆಂದು ತೋಚಲಿಲ್ಲ. ನಿಮಗೆ ಖುಷಿಯಾಗುತ್ತದೆ ಎಂದು ಒಂದು ಗಳಿಗೆ ಅನ್ನಿಸುತ್ತಿತ್ತು. ಮರುಗಳಿಗೆ, ಮಲಗಿದವರಿಗೆ ಹೊಟ್ಟೆಯುರಿದೀತು ಅನ್ನಿಸುತ್ತಿತ್ತು.

ಒಂದು ಮಾತು ಮಾತ್ರ ಹೇಳಲೇಬೇಕು. ಮದುವೆಯಾದಾಗಿನಿಂದ ನೀವು ಊಟಕ್ಕೆ ಕೂತಾಗೆಲ್ಲ ಗಾಡಿಗಳ ಬಗ್ಗೆ ಹೇಳುತ್ತಿದ್ದಿರಿ, ನಾನು ಹೂಂ ಎನ್ನುತ್ತ ರೊಟ್ಟಿ ಬಡಿಸುತ್ತಿದ್ದೆ, ಕೇಳಿಸಿಕೊಂಡಿದ್ದೇನೆ ಎಂದು ನನಗೇ ತಿಳಿದಿರಲಿಲ್ಲ. ಈಗ ರಸ್ತೆಗಿಳಿದರೆ ನಿಮ್ಮ ಮಾತುಗಳೆಲ್ಲ ಕಿವಿಯಲ್ಲಿ ಶುರುವಾಗುತ್ತವೆ. ಆದರೆ ಅವು ನನ್ನ ಕಣ್ಣಿಗೆ ಕಂಡದ್ದಕ್ಕೆ ಹೊಂದುವುದಿಲ್ಲ, ಜಮಾಲ್ ಸಾಬರು ಹೇಳುವುದಕ್ಕಂತೂ ಹೊಂದುವುದೇ ಇಲ್ಲ. ನಿಮಗೆ ಫಿಯೆಟ್ಟೆಂದರೆ ಆಗದು. ಗೇರಿನ ಕೋಲನ್ನು ಸ್ಟೇರಿಂಗಿನ ಕೊರಳಿಗೆ ಕಟ್ಟಿದವನಿಗೆ ನೆಲ ಕಾಣಲಿಲ್ಲವೇ ಎನ್ನುತ್ತಿದ್ದಿರಿ. ಸಾಬರು, ನೆಲದಲ್ಲಿ ಕೋಲು ಇಲ್ಲದಿದ್ದರೆ ಮುಂದೆ ಮೂರು ಜನ ಕೂರಬಹುದಲ್ಲ ಎನ್ನುತ್ತಾರೆ. ನಾನು ನೋಡಿದ್ದು ಬಾಗಿಲು. ಫಿಯೆಟ್ಟಿನ ಮುಂದಿನ ಬಾಗಿಲು ಹಿಮ್ಮುಖವಾಗಿ ತೆರೆಯುತ್ತದಲ್ಲ, ಸೀರೆ ಉಟ್ಟವರಿಗೆ ಹತ್ತಿ ಇಳಿಯಲು ಅದರಷ್ಟು ಸುಖ ಬೇರೆಯದಿಲ್ಲ. ಹಾಗೆಂದು ಓಡುವಾಗ ಆ ಬಾಗಿಲು ತೆರೆದುಕೊಂಡರೆ ಗಾಳಿ ಅದನ್ನು ಹಿಡಿದು ಎಳೆಯುತ್ತದಲ್ಲ ಎಂದೂ ಭಯವಾಗುತ್ತದೆ. ಹಾಗಾದರೆ ಒಳ್ಳೆಯದೋ ಕೆಟ್ಟದ್ದೋ? ಹಾಗೆಯೇ ಆ ಜರ್ಮನ್ ಗಾಡಿ. ಬೆಂಗಳೂರಿನಿಂದ ಬಂದ ಡಾಕ್ಟರೊಬ್ಬರದು ಪ್ರವಾಸಿ ಬಂಗಲೆಯ ಮುಂದೆ ನಿಂತಿತ್ತು, ಆಮೆಯ ಬೆನ್ನಿನಂತಹದು. ಎಂಜಿನ್ ಹಿಂದೆ, ರೇಡಿಯೇಟರ್ ಇಲ್ಲ, ನೀರೇ ಬೇಡ. ಅದು ಗಾಡಿಯೇ ಅಲ್ಲ ಎಂದು ನೀವು ಹೇಳಿದ್ದು ನೆನಪಿದೆ. ಆದರೆ ನಮ್ಮ ಮಾರಿಸ್ಸಿನಲ್ಲೂ ನೂಕುವುದು ಹಿಂದಿನ ಚಕ್ರಗಳೇ ತಾನೆ? ಎಂಜಿನ್ ಅವುಗಳ ಪಕ್ಕದಲ್ಲೇ ಇದ್ದರೆ ತಪ್ಪೇನು? ಇದನ್ನು ಸಾಬರನ್ನು ಕೇಳಿದೆ. ಅವರು ಬೀಡಿ ಸೇದಿ ಮುಗಿಸುವವರೆಗೂ ಯೋಚಿಸಿ, "ಎದೆ ಮುಂದೆ ಇರಬೇಕ್ರಿ, ಬೆನ್ನಾಗಲ್ಲ" ಎಂದರು. ಅದು ಉತ್ತರವೇ ಎಂದು ಇನ್ನೂ ಯೋಚಿಸುತ್ತಿದ್ದೇನೆ.

ಜೀಪಿನಲ್ಲಿ ಪೆಟ್ರೋಲ್ ಟ್ಯಾಂಕು ಇರುವುದು ಡ್ರೈವರ್ ಕೂರುವ ಸೀಟಿನ ಕೆಳಗೇ ಎಂದು ನನಗೆ ಈಗ ತಿಳಿಯಿತು. ಅದರ ಮೇಲೆ ಕೂತು ಸಿಗರೇಟು ಸೇದುತ್ತ ಹೋಗುವ ಓವರ್ಸಿಯರನ್ನು ಕಂಡರೆ ಕೈ ಮುಗಿಯುವ ಹಾಗಾಗುತ್ತದೆ. ನೀವು ಜೀಪನ್ನು ಅಷ್ಟು ಹೊಗಳುತ್ತಿದ್ದಿರಿ, ಇದನ್ನು ಮಾತ್ರ ಹೇಳಿರಲಿಲ್ಲ. ಮಿಲ್ಲಿನ ಸಾಹುಕಾರರ ಸ್ಟುಡಿಬೇಕರಿಗೆ ಹಿಂದೆಯೂ ಮುಂದಿನಷ್ಟೇ ಗಾಜು, ಮೂತಿಯಂತೆಯೇ ಬಾಲ. ಚೌಕದಲ್ಲಿ ಅದು ಬರುತ್ತಿದೆಯೋ ಹೋಗುತ್ತಿದೆಯೋ ತಿಳಿಯದೆ ನಾನು ಬ್ರೇಕು ಒತ್ತಿ ನಿಂತೆ. ಅದು ನಿಂತೇ ಇತ್ತಂತೆ. ಇನ್ನು ಖತೀಜಾಬೀಯ ತಮ್ಮ ಬಾಡಿಗೆಗೆ ಓಡಿಸುವ ಹಳೆಯ ಫೋರ್ಡ್ ಪ್ರಿಫೆಕ್ಟು. ಅದರ ಗಾಜು ಒರೆಸುವ ಕಡ್ಡಿ ಎಂಜಿನ್ ಎಳೆಯುವ ಗಾಳಿಯಿಂದ ಆಡುತ್ತದಂತೆ, ಆದ್ದರಿಂದ ಆಕ್ಸಿಲೇಟರ್ ಒತ್ತಿದರೆ ಕಡ್ಡಿ ನಿಧಾನವಾಗುತ್ತದೆ. ಮಳೆಯಲ್ಲಿ ಅವಸರಪಟ್ಟರೆ ಕಣ್ಣು ಮುಚ್ಚಿಕೊಳ್ಳುವ ಗಾಡಿ. ಇಂಥದನ್ನು ಬುದ್ಧಿ ಇದ್ದವರೇ ಮಾಡಿದರೋ, ಅಥವಾ ಅವಸರ ಬೇಡವೆಂದು ಬೇಕೆಂದೇ ಮಾಡಿದರೋ? ನೀವಿದ್ದಿದ್ದರೆ ಒಂದೇ ಮಾತಿನಲ್ಲಿ ತೀರ್ಪು ಕೊಡುತ್ತಿದ್ದಿರಿ. ನನಗೆ ಎಲ್ಲದರಲ್ಲೂ ಒಂದಿಷ್ಟು ನ್ಯಾಯ ಕಾಣುತ್ತದೆ. ಅದಕ್ಕೇ ತಲೆ ಕೆಟ್ಟಿದೆ.

ಇಷ್ಟು ಪೀಠಿಕೆ ಯಾಕೆಂದರೆ, ಹೋದ ಗುರುವಾರ ಬಾವನವರು ನಿಮ್ಮ ಮಾರಿಸ್ಸನ್ನು ಮಾರಲು ಹೊರಟಿದ್ದರು. ಬುಧವಾರ ಊಟಕ್ಕೆ ಕೂತವರು ಅತ್ತೆಗೆ ಹೇಳಿದರು. ನನ್ನೊಡನೆ ನೇರವಾಗಿ ಅವರು ಎಂದೂ ಮಾತಾಡುವುದಿಲ್ಲವಲ್ಲ, ನಾನು ಎದುರಿಗಿದ್ದರೂ ಅತ್ತೆಯ ಮೂಲಕವೇ. ನಿಂತ ಗಾಡಿಯನ್ನು ತುಕ್ಕು ತಿನ್ನುತ್ತದೆ, ಹರಿಹರದ ಕಾರ್ಖಾನೆಯಲ್ಲಿ ಸೂರಪ್ಪ ಎಂಬ ಅಧಿಕಾರಿಯೊಬ್ಬರು ಇಂಥದೇ ಗಾಡಿ ಹುಡುಕುತ್ತಿದ್ದಾರೆ, ನಾಳೆ ಜಮಾಲ್ ಸಾಬರಿಂದ ಬಿಡಿಸಿಕೊಂಡು ಹೋಗಿ ತೋರಿಸಿ ಬರುತ್ತೇನೆ ಎಂದರು. ನಿಮ್ಮನ್ನು ಒಂದು ಮಾತು ಕೇಳಬೇಕಲ್ಲ ಎಂದು ಅತ್ತೆ ಅಂದರು. ಬಾವ ತಟ್ಟೆಯಿಂದ ತಲೆ ಎತ್ತದೆ, ಕೇಳುವುದು ಬ್ಯಾಡ ಎಂದರು. ಶೆಡ್ಡು ಹತ್ತಿಗೆ ಬೇಕಾಗಿದೆಯೇನೋ ಎಂದು ನಾನು ತಿಳಿದೆ. ಆವತ್ತು ನನಗೆ ಅವರ ಮೇಲೆ ಬಂದ ಸಿಟ್ಟನ್ನು ಬರೆಯಲಾರೆ.

ಗುರುವಾರ ಬೆಳಿಗ್ಗೆ ಬಾವ ಕೋಟು ಟೊಪ್ಪಿಗೆ ಹಾಕಿಕೊಂಡು ಕಾದರು. ಅತ್ತೆಯೂ ಹರಿಹರೇಶ್ವರನ ದರ್ಶನವಾಗುತ್ತದೆಂದು ಹೊರಟಿದ್ದರು, ಅವರ ಕೈ ಹಿಡಿದು ಹತ್ತಿಸಿ ಇಳಿಸಲು ನಾನು. ಸಾಬರು ಬರಲಿಲ್ಲ. ಆನಗೋಡಿನ ಹತ್ತಿರ ಯಾರದೋ ಬಸ್ಸು ಕೆಟ್ಟು ನಿಂತಿದೆ, ಅಲ್ಲಿಗೆ ಹೋಗಿದ್ದಾರೆ ಎಂದು ಖತೀಜಾಬೀ ಬಂದು ಹೇಳಿದಳು. ಬಾವ ಗಡಿಯಾರ ನೋಡಿದರು, ಗೇಟಿನವರೆಗೆ ಹೋದರು, ಬಂದರು. ಆಗ ಅತ್ತೆ ಹಿಂದಿನ ಸೀಟಿನಲ್ಲಿ ಆಗಲೇ ಕೂತವರು, "ಉಮಾ ಬಿಡ್ತಾಳೆ. ನೀನು ಹತ್ತು, ಶಿವಮೂರ್ತಿ" ಎಂದರು.

ಬಾವನ ಮುಖ ನೀವು ನೋಡಬೇಕಿತ್ತು. ನನ್ನನ್ನು ನೋಡಲಿಲ್ಲ, ಅತ್ತೆಯನ್ನೂ ನೋಡಲಿಲ್ಲ, ಗಾಡಿಯನ್ನೇ ನೋಡುತ್ತ ನಿಂತರು. ಬೈಯುತ್ತಾರೆ, ಇಳಿಯಿರಿ ಎನ್ನುತ್ತಾರೆ ಎಂದು ಕಾದೆ. ಅವರು ಬಾಗಿಲು ತೆಗೆದು ಅತ್ತೆಯ ಪಕ್ಕದಲ್ಲಿ ಕೂತರು. ಮುಂದಿನ ಸೀಟು ಖಾಲಿಯೇ ಉಳಿಯಿತು. ಕೀಲಿ ತಿರುಗಿಸಿ ಸ್ಟಾರ್ಟರಿನ ಗುಬ್ಬಿ ಎಳೆದೆ, ಎಂಜಿನ್ ಚಾಲೂ ಆಯಿತು.

ಪುಣೆ ರಸ್ತೆಗೆ ತಿರುಗುವಾಗ ತಿರುವು ತೋರಿಸುವ ಬಲಗಡೆಯ ಕೈಕಂಬ ಹಾಕಿದೆ. ನಿಂತು ನಿಂತು ಅದರ ಸಂದಿಗೆ ತುಕ್ಕು ಹಿಡಿದಿತ್ತೆಂದು ಕಾಣುತ್ತದೆ, ಆ ಕೆಂಪು ಕೈ ಹೊರಗೆ ಬಂದದ್ದು ಮತ್ತೆ ಒಳಗೆ ಹೋಗಲಿಲ್ಲ. ದೊಡ್ಡಬಾತಿ ದಾಟುವವರೆಗೂ ನಾವು ಬಲಕ್ಕೆ ತಿರುಗುತ್ತೇವೆ ಎಂದು ಊರಿಗೆಲ್ಲ ಹೇಳಿಕೊಂಡೇ ಹೋದೆವು. ಹಿಂದೆ ಬಂದ ಬಸ್ಸಿನವನು ಹಾರನ್ ಹೊಡೆದೂ ಹೊಡೆದೂ ಸೋತ. ಬಾವ ಅತ್ತೆಗೆ, "ಆ ಕೈ ಒಳಗೆ ತಗೋ ಅಂತ ಹೇಳವ್ವ" ಎಂದರು. ಅತ್ತೆ ನನಗೆ ಹೇಳಿದರು. ಅದು ಹೋಗುವುದಿಲ್ಲ ಅಂತ ಹೇಳ್ರಿ ಎಂದು ನಾನು ಅತ್ತೆಗೆ ಹೇಳಿದೆ. ಕೊನೆಗೆ ಬಾವನೇ ಕಿಟಕಿಯಿಂದ ತೋಳು ಚಾಚಿ ಅದನ್ನು ಮಡಿಸಿದರು. ಮುಂದೆ ಎತ್ತಿನ ಗಾಡಿಗಳ ಸಾಲು ಅಡ್ಡ ಬಂದು ನಿಲ್ಲಬೇಕಾಯಿತು. ನೀವು ಹೇಳುತ್ತಿದ್ದಂತೆ ಪೂರ್ತಿ ನಿಲ್ಲದೆ ಒಂದನೇ ಗೇರಿಗೆ ಕೈ ಹಾಕಲಿಲ್ಲ. ನಿಂತೆ, ಹಾಕಿದೆ, ಹಲ್ಲು ಕಡಿಯದೆ ಬಿತ್ತು. ಬಾವ ಹೂಂ ಎಂದರು. ಯಾಕೆ ಹೂಂ ಎಂದರೋ ತಿಳಿಯಲಿಲ್ಲ.

ಸೂರಪ್ಪನವರದು ಕಾರ್ಖಾನೆಯ ಹತ್ತಿರದ ಹೊಸ ಮನೆ. ನಡುವಯಸ್ಸಿನವರು, ಮೃದು ಮಾತಿನವರು. ಅವರೂ ನಿಮ್ಮಂತೆಯೇ ಗಾಡಿಯ ಹುಚ್ಚಿನವರು, ಆದರೆ ನಿಮ್ಮಂತೆ ಗಟ್ಟಿ ನಿಲುವಿಲ್ಲ. ಫಿಯೆಟ್ ತಗೊಳ್ಳಲೋ, ಹೊಸ ಅಂಬಾಸಿಡರ್‌ಗೆ ಹೆಸರು ಬರೆಸಿ ಕಾಯಲೋ, ಹಳೆಯ ಮಾರಿಸ್ಸೇ ಸಾಕೋ ಎಂದು ವರ್ಷದಿಂದ ಯೋಚಿಸುತ್ತಿದ್ದಾರಂತೆ. ಅವರು ಬಾನೆಟ್ ಎತ್ತಿ ನೋಡುತ್ತ ಒಂದೊಂದಾಗಿ ಕೇಳತೊಡಗಿದರು. ಬಾವನಿಗೆ ಒಂದೂ ಗೊತ್ತಿಲ್ಲ. ಅತ್ತೆ ನನ್ನ ಬೆನ್ನಿಗೆ ತಿವಿದರು. ನಾನು ಹೇಳಿದೆ. ಇದ್ದದ್ದನ್ನೆಲ್ಲ ಹೇಳಿದೆ. ಕೈಕಂಬ ಸಿಕ್ಕಿಕೊಳ್ಳುತ್ತದೆ, ನಿಂತು ನಿಂತು ಬ್ಯಾಟರಿಯ ತಂತಿಗೆ ಹಸಿರು ಹಿಡಿಯುತ್ತದೆ, ಕೀಲಿ ತಿರುಗಿಸಿದ ಮೇಲೆ ಪೆಟ್ರೋಲ್ ಪಂಪು ಟಿಕ್ ಟಿಕ್ ಎನ್ನುವುದು ನಿಲ್ಲುವವರೆಗೂ ಗುಬ್ಬಿ ಎಳೆಯಬಾರದು, ಏರಿನಲ್ಲಿ ಸುಮ್ಮನೆ ದೂಡಿದರೆ ಮುನಿಸಿಕೊಳ್ಳುತ್ತದೆ, ಮೊದಲೇ ಗೇರು ಇಳಿಸಬೇಕು, ಎಡಗಡೆಯ ಹಿಂಬಾಗಿಲನ್ನು ಸ್ವಲ್ಪ ಎತ್ತಿ ಹಾಕಬೇಕು. ನಾನು ಸತ್ಯ ಹೇಳುತ್ತಿದ್ದೇನೆ ಎಂದುಕೊಂಡೇ ಹೇಳಿದೆ. ಅರ್ಧಕ್ಕೆ ಬಂದಾಗ ತಿಳಿಯಿತು, ಅವರು ಬೇಡವೆನ್ನಲಿ ಎಂದು ಹೇಳುತ್ತಿದ್ದೇನೆ. ಎರಡರಲ್ಲಿ ಯಾವುದು ನಿಜ? ಎರಡೂ ಇರಬೇಕು. ಎಲ್ಲ ಕೇಳಿದ ಸೂರಪ್ಪನವರು ಬಾನೆಟ್ ಮುಚ್ಚಿ ಅದರ ಮೇಲೆ ಕೈಯಿಟ್ಟು, "ಇಷ್ಟು ಗೊತ್ತಿರೋ ಗಾಡಿ ಮತ್ತೆ ಸಿಗಲ್ಲ ನೋಡ್ರಿ. ಹೊಸಾದು ತಗೊಂಡ್ರೆ ಅದರ ಗುಣ ತಿಳಿಯೋದ್ರಾಗೆ ನನಗೆ ವಯಸ್ಸಾಗ್ತೈತೆ. ಇದೇ ಇರಲಿ" ಎಂದುಬಿಟ್ಟರು.

ನನ್ನ ಬಾಯಿಯೇ ನನಗೆ ಮುಳುವಾಯಿತು. ನಮ್ಮನ್ನು ಒಳಗೆ ಕರೆದರು, ಬಾವ ಕೋಟು ಸರಿಮಾಡಿಕೊಂಡು ಕೂತರು. ಸೂರಪ್ಪನವರ ಮನೆಯವರು ವ್ಯಾಪಾರ ಕುದುರಿತೆಂದು ಸಕ್ಕರೆ ತಂದು ಎಲ್ಲರ ಕೈಗೂ ಹಾಕತೊಡಗಿದರು. ನನ್ನ ಸರದಿ ಬಂದಾಗ ಕೈ ಚಾಚಲಾಗಲಿಲ್ಲ. ಸೆರಗು ತಲೆಯ ಮೇಲೆ ಎಳೆದುಕೊಂಡು, ಯಾರ ಮುಖವನ್ನೂ ನೋಡದೆ, "ಗಾಡಿ ಮಾರಲ್ರಿ" ಎಂದೆ. ಎಷ್ಟು ಮೆಲ್ಲಗೆ ಹೇಳಿದೆನೆಂದರೆ ಸೂರಪ್ಪನವರು ಏನಂದಿರಿ ಎಂದು ಕೇಳಿದರು. ಇನ್ನೊಮ್ಮೆ ಹೇಳಬೇಕಾಯಿತು. ಬಾವನ ಎದುರಿಗೆ ನಾನು ಬಾಯಿ ಬಿಟ್ಟದ್ದು ಅದೇ ಮೊದಲು. ಸೂರಪ್ಪನವರು ಬಾವನ ಕಡೆ ನೋಡಿದರು. ಬಾವ ಟೊಪ್ಪಿಗೆ ಕೈಗೆ ತೆಗೆದುಕೊಂಡು ಎದ್ದು, "ಮನೆಯವರು ಒಲ್ಲೆ ಅಂದ ಮ್ಯಾಲೆ ಮುಗೀತ್ರಿ. ನಿಮಗೆ ತೊಂದ್ರಿ ಕೊಟ್ವಿ" ಎಂದು ಕೈ ಮುಗಿದರು. ಸೂರಪ್ಪನವರು ಒಳ್ಳೆಯವರು. ಬೇಸರವನ್ನು ನುಂಗಿಕೊಂಡು, ಕಾಫಿ ಕುಡಿಸದೆ ಕಳಿಸಲಿಲ್ಲ. ನಾವು ಹೊರಡುವಾಗ, ಹಾಗಾದರೆ ಫಿಯೆಟ್ಟೇ ತಗೊಳ್ಳಲೇ ಎಂದು ನನ್ನನ್ನೇ ಕೇಳಿದರು. ನಿಮ್ಮ ಮಾತು ಹೇಳಲೋ ಬಾಗಿಲಿನ ಮಾತು ಹೇಳಲೋ ಎಂದು ಗೊತ್ತಾಗದೆ, ಅಮ್ಮನವರನ್ನು ಒಮ್ಮೆ ಹತ್ತಿಸಿ ಇಳಿಸಿ ನೋಡ್ರಿ ಎಂದೆ.

ಬಾವ ಬೈಯುತ್ತಾರೆಂದು ನಾನು ಕಾದದ್ದೇ ಬಂತು. ಬೈಯಲಿಲ್ಲ. ಹೊಳೆಯ ಹತ್ತಿರ ನಿಲ್ಲಿಸಿ, ಅತ್ತೆ ದೇವಸ್ಥಾನಕ್ಕೆ ಹೋಗಿ ಬಂದ ಮೇಲೆ ಮತ್ತೆ ಹೊರಟಾಗ ಅವರು ಹಿಂದೆ ಕೂರದೆ ಮುಂದೆ ಬಂದು ನನ್ನ ಪಕ್ಕದಲ್ಲೇ ಕೂತರು. ದಾರಿಯಲ್ಲಿ ಎದುರು ಬಂದ ಲಾರಿಗಳನ್ನು ನೋಡುತ್ತ, ಇದು ಯಾವುದು, ಅದು ಯಾವುದು ಎಂದು ಕೇಳುತ್ತ ಬಂದರು. ನನಗೆ ಕೇಳುತ್ತಿದ್ದಾರೋ ತಮಗೇ ಹೇಳಿಕೊಳ್ಳುತ್ತಿದ್ದಾರೋ ತಿಳಿಯದೆ ನಾನೂ ಗಾಳಿಗೆ ಹೇಳಿದಂತೆ ಉತ್ತರ ಹೇಳಿದೆ. ಮನೆಗೆ ಬಂದು ಗಾಡಿ ಶೆಡ್ಡಿಗೆ ಹಾಕಿ ಕೀಲಿಯನ್ನು ಅವರ ಮುಂದೆ ಇಟ್ಟರೆ, ಅತ್ತೆಗೆ ಹೇಳುವಂತೆ, ಅದು ಅಕೀ ಹತ್ರಾನೇ ಇರಲಿ ಎಂದು ಒಳಗೆ ಹೋದರು. ಮಾರಲು ಹೊರಟವರು ಯಾಕೆ ಹೊರಟರು, ಬಿಟ್ಟವರು ಯಾಕೆ ಬಿಟ್ಟರು ಎಂದು ಅತ್ತೆ ಈವತ್ತಿಗೂ ಕೇಳುತ್ತಿದ್ದಾರೆ.

ಅತ್ತೆ ನಿಮಗೆ ತುಂಬ ತುಂಬ ಆಶೀರ್ವಾದ ಹೇಳಿದ್ದಾರೆ. ಕೊಬ್ಬರಿ ಚಟ್ನಿಪುಡಿ ಕಳಿಸುತ್ತಾರಂತೆ, ಆಸ್ಪತ್ರೆಯವರು ಬಿಡದಿದ್ದರೆ ಬಚ್ಚಿಟ್ಟುಕೊಳ್ಳಬೇಕಂತೆ. ಬಾವನವರೂ ಕೇಳಿದ್ದೇನೆಂದು ಬರೆ ಎಂದಿದ್ದಾರೆ. ಜಮಾಲ್ ಸಾಬರ ಸಲಾಮು. ಅವರ ಆನಗೋಡಿನ ಬಸ್ಸು ಇನ್ನೂ ಹೊರಟಿಲ್ಲ. ಹೆಚ್ಚು ಮಾತಾಡಬೇಡಿ, ಗೋಡೆಯ ಕಡೆ ತಿರುಗಿಕೊಂಡು ಓದಬೇಡಿ, ಬೇಗ ಗುಣವಾಗಿ.

ಇತಿ ನಿಮ್ಮ
ಉಮಾ

ತಾ.ಕ.: ಅತ್ತೆ ಈ ಕಾಗದ ಓದಿಸಿಕೊಂಡು ಎದ್ದು ಹೋದರು, ಇನ್ನು ಬರೆಯುವುದು ಅವರಿಗೂ ತಿಳಿಯದ್ದು. ಟಪಾಲಿಗೆ ಹೊತ್ತಾಯಿತು, ಬೇಗ ಬರೆಯುತ್ತೇನೆ. ಅವರು ದೇವಸ್ಥಾನದಲ್ಲಿದ್ದಾಗ ಹೊಳೆಯ ದಂಡೆಯಲ್ಲಿ ಬಾವ ನನ್ನೊಡನೆ ಮೊದಲ ಸಲ ನೇರವಾಗಿ ಮಾತಾಡಿದರು. "ಕೇಳವ್ವಾ, ಅವನ ಒಂದು ಕಡೆ ಪುಪ್ಪುಸ ಪೂರ್ತಿ ಹೋಗೈತಂತೆ. ಜೀವಕ್ಕೇನೂ ಭಯ ಇಲ್ಲ, ಮನಿಗೆ ಬರ್ತಾನೆ. ಆದ್ರ ಗಾಡಿ ಬಿಡೋದು ಇನ್ನ ಆಗಲ್ಲ ಅಂದ್ರು ಡಾಕ್ಟ್ರು. ಇದು ಕಣ್ಣೆದುರಿಗೆ ನಿಂತಿದ್ರೆ ಅವನು ಸುಮ್ನೆ ಕೂಡ್ತಾನೇನು? ಅದಕ್ಕ ಮಾರಾಕ ಹೊಂಟಿದ್ದೆ" ಎಂದರು. ಹೇಳಿ ಹೊಳೆಯ ಕಡೆ ತಿರುಗಿ ನಿಂತರು. ನಿಮಗೆ ಬರೆಯಬೇಡ ಎಂದೂ ಹೇಳಿದರು. ನಾನು ಬರೆಯುತ್ತಿದ್ದೇನೆ. ಇದು ನಿಮಗೆ ಮೊದಲೇ ಗೊತ್ತಿದ್ದು ನನ್ನಿಂದ ಮುಚ್ಚಿಟ್ಟಿರೋ, ನಿಮ್ಮಿಂದಲೇ ಎಲ್ಲರೂ ಮುಚ್ಚಿಟ್ಟರೋ, ನಾಲ್ಕು ದಿನದಿಂದ ಯೋಚಿಸಿ ಯೋಚಿಸಿ ಸಾಕಾಗಿದೆ. ಬೇಸಿಗೆಗೆ ಗಾಡಿಯಲ್ಲಿ ಜೋಗಕ್ಕೆ ಹೋಗೋಣ ಎಂದು ಬರೆದಿದ್ದಿರಲ್ಲ, ಅದನ್ನು ಓದಿದರೆ ಗೊತ್ತಿಲ್ಲ ಅನ್ನಿಸುತ್ತದೆ. ಗಾಡಿ ನಾನೇ ಬಿಡುತ್ತೇನೆ ಎಂದು ನೀವು ಎಲ್ಲಿಯೂ ಬರೆದಿಲ್ಲ, ಅದನ್ನು ನೋಡಿದರೆ ಗೊತ್ತು ಅನ್ನಿಸುತ್ತದೆ. ಗೊತ್ತಿಲ್ಲದಿದ್ದರೆ, ಹೀಗೆ ಕಾಗದದಲ್ಲಿ ತಿಳಿಸಿದ್ದಕ್ಕೆ ನನ್ನನ್ನು ಬೈಯಿರಿ, ಆದರೆ ನನ್ನ ಹತ್ತಿರ ಸುಳ್ಳು ಆಡಬೇಡಿ. ಬಿಡುಗಡೆಯ ದಿನ ಯಾವ ರೈಲೆಂದು ಮಾತ್ರ ತಿಳಿಸಿ. ಸ್ಟೇಷನ್ನಿಗೆ ಗಾಡಿ ನಾನು ತರುತ್ತೇನೆ. ನೀವು ಎಡಗಡೆ ಕೂತು, ಎದುರು ಬಂದ ಗಾಡಿಗಳನ್ನೆಲ್ಲ ಮನಸ್ಸಿಗೆ ಬಂದಂತೆ ಬೈದುಕೊಳ್ಳಿ. ನಾನು ಬಿಡುವುದರ ಬಗ್ಗೆ ಮಾತ್ರ ಮನೆ ಮುಟ್ಟುವವರೆಗೂ ಏನೂ ಹೇಳಬೇಡಿ.